ಕಂಟಿನ್ಯುಟಿ ಅಂದ್ರೆ ಏನು? ಕ್ರಿಪ್ಟಾನ್‌ನಿಂದ ಉಳಿದು ಬಂದವರ ಲೆಕ್ಕ

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಓದಲು ಶುರು ಮಾಡಿದವರ ಕಿವಿಗೆ ಬೇಗನೆ ಬೀಳುವ ಪದ ಕಂಟಿನ್ಯುಟಿ. "ಆ ಕಥೆ ಈಗ ಕಂಟಿನ್ಯುಟಿಯಲ್ಲಿ ಇಲ್ಲ", "ಈ ಸಂಚಿಕೆ ಕಂಟಿನ್ಯುಟಿ ಕೆಡಿಸಿತು" ಅಂತ ಜನ ಮಾತಾಡುತ್ತಾರೆ. ಅರ್ಥ ಕಷ್ಟದ್ದೇನಲ್ಲ. ಹಿಂದಿನ ಸಂಚಿಕೆಯಲ್ಲಿ ನಡೆದದ್ದು ಮುಂದಿನ ಸಂಚಿಕೆಯಲ್ಲೂ ನಡೆದದ್ದೇ ಆಗಿರಬೇಕು, ಒಂದು ಪುಸ್ತಕದಲ್ಲಿ ಸತ್ತವರು ಇನ್ನೊಂದರಲ್ಲಿ ಕಾರಣವಿಲ್ಲದೆ ಓಡಾಡಬಾರದು, ಬರೆಯುವವರು ಎಷ್ಟೇ ಜನ ಇದ್ದರೂ ಎಲ್ಲರೂ ಒಂದೇ ಲೋಕದ ಕಥೆ ಹೇಳಬೇಕು. ಓದುಗರಿಗೂ ಪ್ರಕಾಶಕರಿಗೂ ನಡುವೆ ಇರುವ ಒಪ್ಪಂದ ಇದು.

ತೊಂದರೆ ಏನಂದ್ರೆ ಈ ಕಥೆಗಳು ಮುಗಿಯುವುದಿಲ್ಲ. ಸೂಪರ್‌ಮ್ಯಾನ್ ಕಥೆ 1938ರಿಂದ ನಡೆಯುತ್ತಲೇ ಇದೆ, ಕೈ ಬದಲಾಗುತ್ತಲೇ ಇದೆ. ಹಾಗಾಗಿ ಕಂಟಿನ್ಯುಟಿ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಒಂದೇ ಒಂದು ಪ್ರಶ್ನೆ ಹಿಡಿದು ಹೋಗುವುದು ಒಳ್ಳೆಯದು: ಸೂಪರ್‌ಮ್ಯಾನ್ ಹುಟ್ಟಿದ ಕ್ರಿಪ್ಟಾನ್ ಗ್ರಹ ಸಿಡಿದು ಚೂರಾದಾಗ ಎಷ್ಟು ಜನ ಉಳಿದರು?

ಶುರುವಿನಲ್ಲಿ ಉತ್ತರ ಸುಲಭ ಇತ್ತು. ಒಬ್ಬನೇ. ಜೆರ್ರಿ ಸೀಗಲ್ ಬರೆದು ಜೋ ಶುಸ್ಟರ್ ಚಿತ್ರ ಬಿಡಿಸಿದ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಆ ಗ್ರಹಕ್ಕೆ ಹೆಸರೂ ಇರಲಿಲ್ಲ. ಮುದಿಯಾಗಿ ನಾಶವಾಗುತ್ತಿರುವ ಒಂದು ದೂರದ ಗ್ರಹ, ಮಗುವನ್ನು ರಾಕೆಟ್‌ನಲ್ಲಿಟ್ಟು ಕಳಿಸಿದ ಒಬ್ಬ ವಿಜ್ಞಾನಿ, ಅಷ್ಟೇ. ಕ್ರಿಪ್ಟಾನ್ ಅನ್ನುವ ಹೆಸರು ಬಂದದ್ದು 1939ರಲ್ಲಿ. ತಾನು ಎಲ್ಲಿಂದ ಬಂದೆ ಅಂತ ಸೂಪರ್‌ಮ್ಯಾನ್‌ಗೇ ಗೊತ್ತಾದದ್ದು 1949ರ ಒಂದು ಸಂಚಿಕೆಯಲ್ಲಿ. ಅಂದ್ರೆ ಮೊದಲ ಹತ್ತು ವರ್ಷ ಅವನಿಗೆ ಕಳೆದುಕೊಂಡ ಊರಿನ ನೋವೇ ಇರಲಿಲ್ಲ. ಈಗ ಅವನ ಸ್ವಭಾವದ ಬುಡ ಅಂತ ನಾವು ನಂಬಿರುವ ವಿಷಯ ಆಮೇಲೆ ಸೇರಿದ್ದು.

1950ರ ದಶಕದಲ್ಲಿ ಸಂಪಾದಕ ಮಾರ್ಟ್ ವೈಸಿಂಗರ್ ಕೈಯಲ್ಲಿ ಲೆಕ್ಕ ಬೆಳೆಯಲು ಶುರುವಾಯಿತು. 1955ರಲ್ಲಿ ಒಂದು ನಾಯಿ ಬಂತು, ಕ್ರಿಪ್ಟೋ. ಮಗನನ್ನು ಕಳಿಸುವ ಮೊದಲು ಅಪ್ಪ ಜಾರ್‌-ಎಲ್ ಪರೀಕ್ಷೆಗೆಂದು ಹಾರಿಸಿದ ರಾಕೆಟ್‌ನಲ್ಲಿ ಇದ್ದ ನಾಯಿ ಅದು, ದಾರಿ ತಪ್ಪಿ ತಡವಾಗಿ ಭೂಮಿಗೆ ಬಂತು. ಆಮೇಲೆ ಬೆಪ್ಪೋ ಅನ್ನುವ ಕೋತಿಯೂ ಬಂತು. 1961ರಲ್ಲಿ ಫ್ಯಾಂಟಮ್ ಝೋನ್ ಬಂತು. ಕ್ರಿಪ್ಟಾನ್‌ನ ಅಪರಾಧಿಗಳನ್ನು ಆಕಾರವಿಲ್ಲದ ನೆರಳುಗಳ ಹಾಗೆ ಕೂಡಿಹಾಕುವ ಜಾಗ. ಗ್ರಹ ಸಿಡಿದಾಗ ಅವರು ಅಲ್ಲಿ ಇರಲೇ ಇಲ್ಲವಲ್ಲ, ಹಾಗಾಗಿ ಜನರಲ್ ಝಾಡ್‌ನಂಥವರು ಉಳಿದುಬಿಟ್ಟರು. ಒಳ್ಳೆಯವರೆಲ್ಲ ಸತ್ತು ಜೈಲಿನಲ್ಲಿದ್ದವರು ಬದುಕಿದರು ಅನ್ನುವುದು ಮಕ್ಕಳ ಪುಸ್ತಕಕ್ಕೆ ಸಾಕಷ್ಟು ಕಹಿಯಾದ ಯೋಚನೆ.

ಆದರೆ ನಿಂತು ನೋಡಬೇಕಾದ ಕಥೆಗಳು ಇನ್ನೆರಡು. ಒಂದು 1958ರದ್ದು, ಕಾಂಡೋರ್ ನಗರದ ಕಥೆ. ಬ್ರೈನಿಯಾಕ್ ಅನ್ನುವ ಖಳ ಭೂಮಿಯ ನಗರಗಳನ್ನು ಕುಗ್ಗಿಸಿ ಬಾಟಲಿಗಳಲ್ಲಿ ತುಂಬಿಸುತ್ತಿರುತ್ತಾನೆ. ಅವನನ್ನು ತಡೆಯಲು ಹೋದ ಸೂಪರ್‌ಮ್ಯಾನ್ ತಾನೂ ಬೆರಳುದ್ದ ಆಗಿ ಒಂದು ಬಾಟಲಿಯೊಳಗೆ ಇಳಿಯುತ್ತಾನೆ. ನೋಡಿದರೆ ಅದು ಕ್ರಿಪ್ಟಾನ್‌ನ ನಗರ! ಗ್ರಹ ಸಿಡಿಯುವ ಮೊದಲೇ ಕದ್ದದ್ದು, ಒಳಗೆ ಜನ ಬದುಕಿದ್ದಾರೆ. ಕೊನೆಗೆ ಭೂಮಿಯ ನಗರಗಳೆಲ್ಲ ಮೊದಲಿನ ಹಾಗಾಗುತ್ತವೆ. ಕುಗ್ಗಿದ್ದನ್ನು ದೊಡ್ಡದು ಮಾಡುವ ಯಂತ್ರದಲ್ಲಿ ಇನ್ನೊಂದು ಸಲಕ್ಕೆ ಮಾತ್ರ ಶಕ್ತಿ ಉಳಿದಿದೆ. ಕಾಂಡೋರ್ ದೊಡ್ಡದಾಗಲಿ, ನಾನು ಹೀಗೇ ಇರುತ್ತೇನೆ ಅಂತ ಅವನು ತೀರ್ಮಾನ ಮಾಡುತ್ತಾನೆ. ಆದರೆ ಕಾಂಡೋರ್‌ನ ವಿಜ್ಞಾನಿಯೊಬ್ಬ ಬಾಟಲಿಯಿಂದ ಪುಟ್ಟ ರಾಕೆಟ್‌ನಲ್ಲಿ ಹೊರಬಂದು, ಸೂಪರ್‌ಮ್ಯಾನ್‌ನನ್ನು ದೊಡ್ಡವನನ್ನಾಗಿ ಮಾಡುವ ಬಟನ್ನನ್ನೇ ಒತ್ತಿಸಿಬಿಡುತ್ತಾನೆ. ಊರಿಗೆ ಊರೇ ಬಾಟಲಿಯಲ್ಲಿ ಉಳಿಯಿತು. ಅದು ಬಾಟಲಿಯಿಂದ ಹೊರಬಂದು ದೊಡ್ಡದಾದದ್ದು 1979ರಲ್ಲಿ, ಅಂದ್ರೆ 21 ವರ್ಷದ ಮೇಲೆ. ಅಷ್ಟೂ ವರ್ಷ ಬೇರೆ ಬೇರೆ ಲೇಖಕರು ಆ ಬಾಟಲಿಯನ್ನು ಮರೆಯಲಿಲ್ಲ. ಕಂಟಿನ್ಯುಟಿ ಚೆನ್ನಾಗಿ ನಡೆದರೆ ಹೀಗೆ ನಡೆಯುತ್ತದೆ.

ಇನ್ನೊಂದು ಕಾರಾ ಝಾರ್‌-ಎಲ್, ಅಂದ್ರೆ ಸೂಪರ್‌ಗರ್ಲ್, 1959ರಲ್ಲಿ ಬಂದವಳು. ಕ್ರಿಪ್ಟಾನ್ ಸಿಡಿದಾಗ ಆರ್ಗೋ ಅನ್ನುವ ನಗರ ಒಂದು ತುಂಡು ನೆಲದ ಮೇಲೆ ಹಾಗೇ ಹಾರಿಹೋಯಿತು. ಸ್ವಲ್ಪ ದಿನದಲ್ಲಿ ಕಾಲಡಿಯ ನೆಲವೇ ವಿಷದ ಕ್ರಿಪ್ಟೋನೈಟ್ ಆಯಿತು. ಅವರು ನೆಲಕ್ಕೆ ಸೀಸದ ತಗಡು ಹಾಸಿಕೊಂಡು ಬದುಕಿದರು. ಕಾರಾ ಹುಟ್ಟಿದ್ದು ಅಲ್ಲೇ. ಅವಳು ದೊಡ್ಡವಳಾಗುವ ಹೊತ್ತಿಗೆ ಉಲ್ಕೆಗಳು ಬಡಿದು ತಗಡು ತೂತಾಯಿತು, ಅಪ್ಪ ಅಮ್ಮ ಅವಳನ್ನು ಭೂಮಿಗೆ ಕಳಿಸಿದರು. ಸೂಪರ್‌ಮ್ಯಾನ್‌ಗೆ ತನ್ನ ಚಿಕ್ಕಪ್ಪನ ಮಗಳು ಸಿಕ್ಕಳು, ರಕ್ತಸಂಬಂಧ ಸಿಕ್ಕಿತು. ಅವನು ಏನು ಮಾಡಿದ ಗೊತ್ತಾ? ಕಂದು ಬಣ್ಣದ ವಿಗ್ ಹಾಕಿಸಿ ಅನಾಥಾಲಯಕ್ಕೆ ಸೇರಿಸಿದ. ತನ್ನ ಗುಟ್ಟು ಹೊರಗೆ ಬೀಳಬಾರದು ಅಂತ. ಈಗ ಓದಿದರೂ ನನಗೆ ಸಿಟ್ಟು ಬರುತ್ತದೆ, ಮೊನ್ನೆ ಮೊನ್ನೆ ಮನೆಯವರನ್ನೆಲ್ಲ ಕಳೆದುಕೊಂಡ ಹುಡುಗಿ ಅವಳು.

ಹೀಗೆ ಸೇರುತ್ತ ಹೋಗಿ 'ಕ್ರಿಪ್ಟಾನ್‌ನ ಕೊನೆಯ ಮಗ' ಅನ್ನುವ ಬಿರುದು ಬರೀ ಹೆಸರಿಗೆ ಉಳಿಯಿತು. ಇದರ ಜೊತೆಗೆ ನಮ್ಮದಕ್ಕೆ ಸಮಾನಾಂತರವಾಗಿರುವ ಬೇರೆ ಬೇರೆ ಭೂಮಿಗಳು, ಅಲ್ಲಿ ಬೇರೆ ಸೂಪರ್‌ಮ್ಯಾನ್, ಅವನಿಗೂ ಚಿಕ್ಕಪ್ಪನ ಮಗಳೊಬ್ಬಳು, ಪವರ್ ಗರ್ಲ್ (1976). ಪ್ರಕಾಶಕರಾದ ಡಿಸಿ ಕಾಮಿಕ್ಸ್‌ನವರಿಗೆ ಇದು ಜಾಸ್ತಿ ಆಯಿತು. 1985ರಲ್ಲಿ ಶುರುವಾದ 12 ಸಂಚಿಕೆಗಳ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್'ನಲ್ಲಿ ಎಲ್ಲ ಭೂಮಿಗಳನ್ನು ಒಂದು ಮಾಡಿದರು. ಏಳನೇ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನನ್ನು ಉಳಿಸಲು ಹೋಗಿ ಕಾರಾ ಸತ್ತಳು. ಅದಕ್ಕಿಂತ ನೋವಿನ ವಿಷಯ ಅಂದ್ರೆ, ಇತಿಹಾಸ ಹೊಸದಾಗಿ ಶುರುವಾದ ಮೇಲೆ ಅವಳು ಇದ್ದದ್ದೇ ಸುಳ್ಳಾಯಿತು. ಯಾರಿಗಾಗಿ ಸತ್ತಳೋ ಅವನಿಗೂ ಅವಳ ನೆನಪಿಲ್ಲ.

ಇದನ್ನೇ ರೀಬೂಟ್ ಅನ್ನುವುದು, ಪಾತ್ರದ ಕಥೆಯನ್ನು ಮೊದಲಿನಿಂದ ಶುರು ಮಾಡುವುದು. ರೆಟ್ಕಾನ್ ಬೇರೆ: ಕಥೆ ಮುಂದುವರಿಯುತ್ತಲೇ ಇರುತ್ತದೆ, ಹಿಂದೆ ನಡೆದ ಒಂದು ವಿಷಯಕ್ಕೆ ಮಾತ್ರ ಹೊಸ ವಿವರಣೆ ಕೊಡುತ್ತಾರೆ. ಎರಡನ್ನೂ ಜನ ಕಲಸಿಬಿಡುತ್ತಾರೆ, ಆದರೆ ವ್ಯತ್ಯಾಸ ಗೊತ್ತಿರಬೇಕು.

1986ರಲ್ಲಿ ಜಾನ್ ಬರ್ನ್ ಆರು ಸಂಚಿಕೆಗಳಲ್ಲಿ ಸೂಪರ್‌ಮ್ಯಾನ್ ಕಥೆಯನ್ನು ಹೊಸದಾಗಿ ಹೇಳಿದರು. ನಿಯಮ ಒಂದೇ: ಉಳಿದವನು ಅವನೊಬ್ಬನೇ. ಕ್ರಿಪ್ಟಾನ್ ತಣ್ಣಗಿನ, ಪ್ರೀತಿ ಒಣಗಿದ ಗ್ರಹ. ಮಗು ಗರ್ಭದಂಥ ಯಂತ್ರದಲ್ಲೇ ಬಂದು ಭೂಮಿಯಲ್ಲಿ ಹುಟ್ಟುತ್ತದೆ. ಅವರ ಉದ್ದೇಶ ನನಗೆ ಅರ್ಥವಾಗುತ್ತದೆ, ಒಂಟಿತನ ಅಂದ್ರೆ ಒಂಟಿತನವೇ ಆಗಿರಬೇಕು. ಬರವಣಿಗೆಯೂ ಚೆನ್ನಾಗಿದೆ.

ಆದರೆ ಒಂದು ಎಳೆ ಕಿತ್ತರೆ ಎಲ್ಲೆಲ್ಲಿ ಬಿಚ್ಚಿಕೊಳ್ಳುತ್ತದೆ ನೋಡಿ. ಬರ್ನ್ ಕಥೆಯಲ್ಲಿ ಸೂಪರ್‌ಮ್ಯಾನ್ ಹುಡುಗನಾಗಿದ್ದಾಗ ಸೂಪರ್‌ಬಾಯ್ ಆಗಿರಲೇ ಇಲ್ಲ. ಹಾಗಾದರೆ ಸಾವಿರ ವರ್ಷ ಮುಂದಿನ 'ಲೀಜನ್ ಆಫ್ ಸೂಪರ್ ಹೀರೋಸ್' ತಂಡಕ್ಕೆ ಸ್ಫೂರ್ತಿ ಯಾರು? ಅದಕ್ಕೆ ತೇಪೆ ಹಾಕಲು 1987ರಲ್ಲಿ 'ಪಾಕೆಟ್ ಯೂನಿವರ್ಸ್' ಅನ್ನುವ ಚಿಕ್ಕ ವಿಶ್ವವನ್ನೇ ಸೃಷ್ಟಿಸಬೇಕಾಯಿತು. ಪವರ್ ಗರ್ಲ್ ಕ್ರಿಪ್ಟಾನ್‌ನವಳಲ್ಲ, ಅಟ್ಲಾಂಟಿಸ್‌ನ ಮಾಂತ್ರಿಕನ ಮೊಮ್ಮಗಳು ಅಂದರು. ಸೂಪರ್‌ಗರ್ಲ್ ಬೇಕೇ ಬೇಕು ಅಂದಾಗ 1988ರಲ್ಲಿ ತಂದದ್ದು ಮೇಟ್ರಿಕ್ಸ್ ಎಂಬ, ರೂಪ ಬದಲಿಸುವ ಕೃತಕ ಜೀವಿಯನ್ನು. ಬೇರೆ ಯಾರೂ ಉಳಿಯಬಾರದು ಅನ್ನುವ ನಿಯಮ ಕಾಪಾಡಲು ಇಷ್ಟೆಲ್ಲ ಸರ್ಕಸ್!

ನಿಜವಾದ ಕಾರಾ ವಾಪಸ್ ಬಂದದ್ದು 2004ರಲ್ಲಿ, 'ಸೂಪರ್‌ಮ್ಯಾನ್/ಬ್ಯಾಟ್‌ಮ್ಯಾನ್' ಎಂಟನೇ ಸಂಚಿಕೆಯಲ್ಲಿ, ಜೆಫ್ ಲೋಬ್ ಮತ್ತು ಮೈಕಲ್ ಟರ್ನರ್ ಕೈಯಿಂದ. ಇಲ್ಲಿ ಒಂದು ಚಿಕ್ಕ ಬದಲಾವಣೆ ಮಾಡಿದರು, ನನಗೆ ಇಡೀ ಇತಿಹಾಸದಲ್ಲೇ ಅತಿ ಒಳ್ಳೆಯ ಬದಲಾವಣೆ ಅದು. 1959ರ ಕಾರಾ ಗ್ರಹ ಸಿಡಿದ ಮೇಲೆ ಹುಟ್ಟಿದವಳು, ಕ್ರಿಪ್ಟಾನ್ ಕಂಡವಳೇ ಅಲ್ಲ. 2004ರ ಕಾರಾ ಅವನಿಗಿಂತ ದೊಡ್ಡವಳು. ಮಗುವನ್ನು ನೋಡಿಕೊಳ್ಳಲೆಂದೇ ಅವಳನ್ನು ಕಳಿಸಿರುತ್ತಾರೆ, ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಅವಳು ಬರುವಷ್ಟರಲ್ಲಿ ಮಗು ದೊಡ್ಡ ಗಂಡಸಾಗಿದೆ. ಅವನಿಗೆ ಕ್ರಿಪ್ಟಾನ್ ಕೇಳಿ ತಿಳಿದ ಊರು. ಅವಳಿಗೆ ಮನೆ, ಬೀದಿ, ಗೆಳತಿಯರು. 2011ರಲ್ಲಿ ಮತ್ತೆ ಎಲ್ಲ ಹೊಸದಾಗಿ ಶುರುವಾದಾಗ ಇದೇ ಎಳೆ ಹಿಡಿದರು: ಅವಳು ಸೈಬೀರಿಯಾದಲ್ಲಿ ಬಂದು ಬೀಳುತ್ತಾಳೆ, ಕ್ರಿಪ್ಟಾನ್ ಭಾಷೆ ಬಿಟ್ಟು ಬೇರೆ ಬರಲ್ಲ, ನಾನೇ ಕಾಲ್‌-ಎಲ್ ಅಂತ ತನ್ನ ಕ್ರಿಪ್ಟಾನ್ ಹೆಸರು ಹೇಳಿದ ಸೂಪರ್‌ಮ್ಯಾನ್‌ನನ್ನು ನಂಬುವುದೂ ಇಲ್ಲ, ಯಾಕಂದ್ರೆ ಅವಳ ನೆನಪಿನಲ್ಲಿ ಕಾಲ್ ಇನ್ನೂ ಕೂಸು.

ನಡುವೆ 2008ರಲ್ಲಿ ಕಾಂಡೋರ್ ಮತ್ತೆ ಬಾಟಲಿಯಿಂದ ಹೊರಬಂದು ಒಂದೇ ಸಲಕ್ಕೆ 1,00,000 ಜನ ಕ್ರಿಪ್ಟಾನಿನವರು ಭೂಮಿಗೆ ಬಂದರು. ಅವರಲ್ಲಿ ಕಾರಾಳ ಅಪ್ಪ ಅಮ್ಮನೂ ಇದ್ದರು. ನ್ಯೂ ಕ್ರಿಪ್ಟಾನ್ ಅನ್ನುವ ಹೊಸ ಗ್ರಹವೇ ಎದ್ದಿತು. 2010ರಲ್ಲಿ ಅದನ್ನೂ ಸಿಡಿಸಿದರು. ಅಪ್ಪ ಮೊದಲೇ ಕೊಲೆಯಾಗಿದ್ದ, ಅಮ್ಮ ಆ ಸ್ಫೋಟದಲ್ಲಿ ಹೋದಳು. ಲೆಕ್ಕ ಮತ್ತೆ ಕಮ್ಮಿ ಮಾಡಬೇಕು ಅಂತ ಇಷ್ಟು ಜನರನ್ನು ಕೊಂದದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಸಂಖ್ಯೆ ದೊಡ್ಡದಾದದ್ದು ತಪ್ಪಲ್ಲ, ಆ ಜನರಿಗೆ ಮುಖ ಕೊಡುವ ಮುಂಚೆ ಮುಗಿಸಿದ್ದು ತಪ್ಪು.

ಹಾಗಾಗಿ ಯಾರಾದರೂ "ಕ್ರಿಪ್ಟಾನ್‌ನಿಂದ ಎಷ್ಟು ಜನ ಉಳಿದರು?" ಅಂದರೆ "ಯಾವ ವರ್ಷದ ಕಥೆ?" ಅಂತ ಕೇಳಲೇಬೇಕು. ಸಿನಿಮಾಗಳಿಗೆ ಅವುಗಳದ್ದೇ ಬೇರೆ ಕಂಟಿನ್ಯುಟಿ ಇರುತ್ತದೆ. 2025ರ ಸೂಪರ್‌ಮ್ಯಾನ್ ಸಿನಿಮಾದಲ್ಲಿ ಕ್ರಿಪ್ಟೋ ಕಾರಾಳ ನಾಯಿ, ಜಾರ್‌-ಎಲ್ ರಾಕೆಟ್ಟಿನ ಕಥೆ ಅಲ್ಲಿ ಹುಡುಕಬೇಡಿ.

ಓದಲು ಶುರು ಮಾಡುವವರು 1959ರ ಕಾರಾ ಕಥೆ ಓದಿ, ಕೆಲವೇ ಪುಟ ಇದೆ. ಆಮೇಲೆ ನೇರ 2021ರಲ್ಲಿ ಶುರುವಾದ 'ಸೂಪರ್‌ಗರ್ಲ್: ವುಮನ್ ಆಫ್ ಟುಮಾರೋ'ಗೆ ಬನ್ನಿ. ಬರೆದದ್ದು ಟಾಮ್ ಕಿಂಗ್, ಚಿತ್ರ ಬಿಲ್ಕಿಸ್ ಎವೆಲಿ. ಮೊದಲಿನ ಕಥೆ ಅವಸರದಲ್ಲಿ ದಾಟಿಹೋದ ಆರ್ಗೋ ನಗರದ ಸಾವನ್ನು, ನೆಲದ ವಿಷಕ್ಕೆ ಜನ ನಿಧಾನವಾಗಿ ಬಲಿಯಾಗುವುದನ್ನು ಅಲ್ಲಿ ಕಾರಾಳ ಬಾಯಿಂದಲೇ ಹೇಳಿಸಿದ್ದಾರೆ.