ನೇರಳೆ, ಬೋರೆ, ನೆಲ್ಲಿ ಅಷ್ಟು ಒಳ್ಳೆಯವಾದರೆ ರೈತರು ಯಾಕೆ ಬೆಳೆಯಲ್ಲ?

ಪ್ರಶ್ನೆ: ನೆಲ್ಲಿ, ನೇರಳೆ, ಬೋರೆಯಂಥ ಹಣ್ಣುಗಳಲ್ಲಿ ಪೋಷಕಾಂಶ ಜಾಸ್ತಿ ಅಂತಾರೆ. ಬರಕ್ಕೂ ಜಗ್ಗುವುದಿಲ್ಲವಂತೆ. ಹಾಗಿದ್ದರೆ ಇವು ಬೇಲಿ, ಬದು ದಾಟಿ ತೋಟದೊಳಗೆ ಬರುತ್ತಿಲ್ಲ ಯಾಕೆ? ನಂಬಿ ಗಿಡ ಹಾಕಬಹುದೇ?

ಉತ್ತರ: ಹಾಕಬಹುದು. ಆದರೆ ಎಲ್ಲೋ ಬಿದ್ದು ಹುಟ್ಟಿದ ಬೀಜದ ಸಸಿ ತಂದು ನೆಡಬೇಡಿ. ಈ ಹಣ್ಣುಗಳು ಹಿಂದೆ ಬೀಳಲು ದೊಡ್ಡ ಕಾರಣ ಅದೇ.

ಬೀಜದ ಗಿಡ ತಾಯಿಮರದ ಹಾಗೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಒಂದರ ಹಣ್ಣು ಸಿಹಿ, ಪಕ್ಕದ್ದು ಒಗರು, ಮತ್ತೊಂದರಲ್ಲಿ ಬರೀ ಬೀಜ. ಅದೂ ಬೇಗ ಗೊತ್ತಾಗುವುದಿಲ್ಲ. ಬೀಜದ ನೇರಳೆ ಹಣ್ಣು ಬಿಡಲು 8–10 ವರ್ಷ ಬೇಕು. ಅಷ್ಟು ವರ್ಷ ಕಾದು ಒಗರು ಹಣ್ಣು ಸಿಕ್ಕರೆ ರೈತ ಏನು ಮಾಡಬೇಕು? ಹಾಗಾಗಿ ಅವರು ಬೆಳೆಯದೆ ಬಿಟ್ಟಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಇದಕ್ಕೆ ದಾರಿ ಕಸಿ. ಒಳ್ಳೆಯ ಮರ ಗುರುತಿಸಿ, ಅದರ ಚಿಗುರುವ ಕಣ್ಣು ಅಥವಾ ಕಡ್ಡಿ ತಂದು ಅದೇ ಜಾತಿಯ ಬೇರೆ ಗಿಡಕ್ಕೆ ಕೂರಿಸಿದರೆ ಅದೇ ಗುಣದ ಹಣ್ಣು ಬರುತ್ತದೆ, ಬೇಗವೂ ಬರುತ್ತದೆ. ಒಳ್ಳೆಯ ಗಿಡ ಹುಡುಕುವುದು ಹೇಗೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಇವತ್ತು ಅಂಗಡಿಗಳಲ್ಲಿ ಕಾಣುವ ಬ್ಲೂಬೆರಿ ಹಣ್ಣಿನ ಗಿಡ ನೂರು ಚಿಲ್ಲರೆ ವರ್ಷದ ಹಿಂದೆ ಅಮೆರಿಕದ ಕಾಡುಪೊದೆಯಾಗಿತ್ತು. ನ್ಯೂಜೆರ್ಸಿಯ ಎಲಿಜಬೆತ್ ವೈಟ್, ಕಾಡಲ್ಲಿ ಹಣ್ಣು ಕೀಳುವವರ ಕೈಗೆ ತೂತಿದ್ದ ಒಂದು ಅಳತೆಪಟ್ಟಿ ಕೊಟ್ಟರು. ಆ ತೂತಿನಲ್ಲಿ ತೂರದಷ್ಟು ದಪ್ಪ ಹಣ್ಣಿನ ಪೊದೆ ತೋರಿಸಿದವರಿಗೆ ಹಣ. ಹಾಗೆ ಸಿಕ್ಕ ಪೊದೆಗಳನ್ನು ಸಸ್ಯವಿಜ್ಞಾನಿ ಫ್ರೆಡೆರಿಕ್ ಕೊವಿಲ್ ಒಂದರ ಜೊತೆ ಇನ್ನೊಂದನ್ನು ಕೂಡಿಸಿ ಹೊಸ ತಳಿ ಮಾಡಿದರು. 1916ರಲ್ಲಿ ಮೊದಲ ಫಸಲು ಮಾರಾಟವಾಯಿತು. ಒಳ್ಳೆಯ ಗಿಡ ಎಲ್ಲಿದೆ ಅಂತ ಗೊತ್ತಿದ್ದದ್ದು ಹಣ್ಣು ಕೀಳುವವರಿಗೆ, ಇದನ್ನು ಗಮನಿಸಿ. ನೇರಳೆಗೂ ಬೋರೆಗೂ ಇದೇ ಕೆಲಸ ಆಗಬೇಕು.

ಒಣನೆಲದವರಿಗೆ ನಾನು ಮೊದಲು ಹೇಳುವ ಹೆಸರು ಬೋರೆ. ಅದರ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನೆ ನಿಲ್ಲುತ್ತದೆ. ಮಳೆ ಬಿದ್ದ ಮೇಲೆ ಚಿಗುರಿ ಹೂ ಬಿಟ್ಟು, ಚಳಿಯ ಹೊತ್ತಿಗೆ ಹಣ್ಣಾಗುತ್ತದೆ. ನೀರು ಇಲ್ಲದಾಗ ಕೇಳುವುದೇ ಇಲ್ಲ. ಕಸಿ ಮಾಡಿದ ಗಿಡ 2–3 ವರ್ಷಕ್ಕೇ ಫಲ ಕೊಡಲು ಶುರು ಮಾಡುತ್ತದೆ. ಒಂದು ಕೆಲಸ ಮಾತ್ರ ತಪ್ಪಿಸಬೇಡಿ: ಎಲೆ ಉದುರಿದಾಗ ರೆಂಬೆ ಕತ್ತರಿಸಿ ಸವರಬೇಕು. ಹಣ್ಣು ಕೂರುವುದು ಹೊಸ ಚಿಗುರಿನ ಮೇಲೆ. ಸವರದೆ ಬಿಟ್ಟರೆ ಮುಳ್ಳು ಜಾಸ್ತಿ, ಹಣ್ಣು ಸಣ್ಣ.

ಇನ್ನು ಪೋಷಣೆ. 100 ಗ್ರಾಂ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ ಸಿ ವಿಟಮಿನ್ ಇರುತ್ತದೆ. ನೆಲ್ಲಿಕಾಯಲ್ಲಿ ಅದರ ಹಲವು ಪಟ್ಟು. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತಲು ಈ ವಿಟಮಿನ್ ನೆರವಾಗುತ್ತದೆ. ಹಾಗಾಗಿ ಊಟದ ಜೊತೆಗೇ ತಿಂದರೆ ಲಾಭ ಹೆಚ್ಚು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಜಾತಿಯ ಮರ ಹಾಕಿದರೆ ಒಂದು ತಿಂಗಳು ತಿಂದು ಮುಗಿಸಿ ಹನ್ನೊಂದು ತಿಂಗಳು ಕಾಯಬೇಕು. ಬೇರೆ ಬೇರೆ ತಿಂಗಳಲ್ಲಿ ಹಣ್ಣಾಗುವ ನಾಲ್ಕೈದು ಜಾತಿ ಆರಿಸಿಕೊಳ್ಳಿ. ಮನೆಗೂ ಆಗುತ್ತದೆ, ಸಂತೆಗೂ ಆಗುತ್ತದೆ.

ಮಾರಾಟ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಕಿತ್ತ ನೇರಳೆ ಎರಡು ಮೂರು ದಿನದಲ್ಲಿ ಮೆತ್ತಗಾಗುತ್ತದೆ. ತಿರುಳು ತೆಗೆದು ಇಡುವ, ರಸ ಮಾಡುವ ವ್ಯವಸ್ಥೆ ಹತ್ತಿರದಲ್ಲಿ ಇಲ್ಲದಿದ್ದರೆ ಎಕರೆಗಟ್ಟಲೆ ಹಾಕಬೇಡಿ. ಮೊದಲು ಬದುವಿನಲ್ಲಿ ನಾಲ್ಕೈದು ಕಸಿ ಗಿಡ ಹಾಕಿ. ಸಸಿ ಕೊಳ್ಳುವಾಗ ತಾಯಿಮರ ಯಾವುದು ಅಂತ ಕೇಳಿ, ಸಾಧ್ಯವಾದರೆ ಹಣ್ಣಿನ ಕಾಲದಲ್ಲೇ ಹೋಗಿ ಆ ಮರದ ಹಣ್ಣನ್ನು ತಿಂದು ನೋಡಿ.