ಗೇಮಿನ ಸಂಗಾತಿಗೂ ಒಂದು ಮನಸ್ಸಿರಲಿ

ರೋಲ್-ಪ್ಲೇಯಿಂಗ್ ಗೇಮ್‌ಗಳಲ್ಲಿ ಆಟಗಾರನ ಜೊತೆ ಊರೂರು ಅಲೆಯುವ, ಕಾದಾಡುವ, ರಾತ್ರಿ ಬಿಡಾರದಲ್ಲಿ ಬೆಂಕಿಯ ಪಕ್ಕ ಕೂತು ಮಾತನಾಡುವ ಸಂಗಾತಿ ಪಾತ್ರಗಳಿರುತ್ತವೆ. ಅವರಲ್ಲಿ ಒಬ್ಬರೊಡನೆ ಪ್ರೇಮ ಬೆಳೆಸುವ ಅವಕಾಶವೂ ಈಗ ಅನೇಕ ಗೇಮ್‌ಗಳಲ್ಲಿದೆ. 2000ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 2’ರಲ್ಲಿ ಜಹೈರಾ ಎಂಬ ಸಂಗಾತಿ ಕಥೆಯ ಆರಂಭದಲ್ಲೇ ಗಂಡನನ್ನು ಕಳೆದುಕೊಳ್ಳುತ್ತಾಳೆ, ಅವಳೊಡನೆ ಬೆಳೆಯುವ ಸಂಬಂಧ ಆ ದುಃಖವನ್ನು ಹಾದುಕೊಂಡೇ ಬರಬೇಕು. ಅಷ್ಟು ಹಿಂದೆಯೇ ಇಂಥ ಬರವಣಿಗೆ ಸಾಧ್ಯವಾಗಿದ್ದರೂ ಇವತ್ತಿಗೂ ಗೇಮ್‌ಗಳಲ್ಲಿನ ಪ್ರೇಮ ಬಹಳಷ್ಟು ಕಡೆ ಸಪ್ಪೆಯಾಗಿಯೇ ಇರುತ್ತದೆ. ಶಿವಮೊಗ್ಗದಲ್ಲಿದ್ದುಕೊಂಡು ಗೇಮ್‌ಗಳಿಗೆ ಕಥೆ, ಸಂಭಾಷಣೆ ಬರೆಯುವುದು ನನ್ನ ಉದ್ಯೋಗ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರು ತಾವು ಬರೆದ ಗೇಮ್‌ಗಳ ಕರಡು ಹಿಡಿದುಕೊಂಡು ಬಂದಾಗ ಹೆಚ್ಚಾಗಿ ಕೇಳುವ ಪ್ರಶ್ನೆಯೂ ಇದೇ: ಯುದ್ಧ, ಒಗಟು, ಊರಿನ ವಿವರ ಎಲ್ಲ ಚೆನ್ನಾಗಿ ಬಂದಿದೆ, ಪ್ರೇಮದ ಭಾಗ ಮಾತ್ರ ಏಕೆ ಮನಸ್ಸಿಗೆ ತಟ್ಟುವುದಿಲ್ಲ?

ಸಂಗಾತಿ ಪಾತ್ರಕ್ಕೆ ‘ಇಲ್ಲ’ ಎನ್ನುವ ಶಕ್ತಿಯನ್ನು ನಾವು ಕೊಟ್ಟಿರುವುದಿಲ್ಲ ಎಂಬುದು ನನ್ನ ಉತ್ತರ. ಆಟಗಾರ ಏನು ಮಾಡಿದರೂ ಕೊನೆಗೆ ಒಲಿಯಲೆಂದೇ ಬರೆದ ಪಾತ್ರದ ಒಲವಿಗೆ ತೂಕವಿರುವುದಿಲ್ಲ, ಮತ್ತು ಅದನ್ನು ಆಟಗಾರ ಕೆಲವೇ ಗಂಟೆಗಳಲ್ಲಿ ಗ್ರಹಿಸಿಬಿಡುತ್ತಾನೆ.

ಈ ದೌರ್ಬಲ್ಯದ ಬೇರು ಮೆಚ್ಚುಗೆಯ ಅಂಕಗಳಲ್ಲಿದೆ. 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಗೇಮಿನಲ್ಲಿ ಪ್ರತಿ ಸಂಗಾತಿಗೂ ಮೈನಸ್ 100ರಿಂದ ಪ್ಲಸ್ 100ರವರೆಗಿನ ಒಂದು ಅಳತೆಪಟ್ಟಿ ಇತ್ತು. ಅವರಿಗೆ ಇಷ್ಟವಾಗುವ ನಿರ್ಧಾರ ಕೈಗೊಂಡರೆ ಅಂಕ ಏರುತ್ತದೆ, ಇಷ್ಟವಾಗದ್ದು ಮಾಡಿದರೆ ಇಳಿಯುತ್ತದೆ, ಇಳಿದದ್ದನ್ನು ಉಡುಗೊರೆ ಕೊಟ್ಟು ಮತ್ತೆ ಏರಿಸಬಹುದು. ಲೆಕ್ಕ ಇಡಲು ಇದು ಅನುಕೂಲವೇ, ಪ್ರೋಗ್ರಾಮರ್‌ಗೂ ಹಗುರ. ಆದರೆ ಸಂಗಾತಿಯ ಕಣ್ಣೆದುರೇ ಒಬ್ಬ ಅಮಾಯಕನನ್ನು ಕೊಂದು, ಆಮೇಲೆ ಅವಳಿಗೊಂದು ಕನ್ನಡಿಯನ್ನೋ ಸರವನ್ನೋ ಕೊಟ್ಟು ಮೊದಲಿನ ಸ್ಥಿತಿಗೆ ಮರಳಬಹುದಾದರೆ, ಅವಳಿಗೆ ಆ ಕೊಲೆಯ ನೆನಪೇ ಇಲ್ಲವೆಂದಾಯಿತು. ಅವಳಲ್ಲಿ ಉಳಿದಿರುವುದು ಕೂಡಿ ಕಳೆದ ಮೊತ್ತವೊಂದೇ. ಅದೇ ಗೇಮಿನ ಅಲಿಸ್ಟರ್ ಎಂಬ ಪಾತ್ರವನ್ನು ಜನ ಇಂದಿಗೂ ನೆನೆಯುತ್ತಾರೆ. ಅದಕ್ಕೆ ಕಾರಣ ಅಳತೆಪಟ್ಟಿಯ ಆಚೆಗಿದೆ. ಅವನನ್ನು ರಾಜನನ್ನಾಗಿ ಮಾಡಿದರೆ, ಕುಲೀನ ಮಾನವ ಮನೆತನದಲ್ಲಿ ಹುಟ್ಟದ ನಾಯಕಿಯನ್ನು ಅವನು ಮದುವೆಯಾಗಲಾರ. ಅಂಕ ನೂರಕ್ಕೆ ನೂರಿದ್ದರೂ ಸಿಂಹಾಸನದ ಹೊಣೆ ಅವರಿಬ್ಬರ ನಡುವೆ ಬಂದು ನಿಲ್ಲುತ್ತದೆ. ಅಲ್ಲಿ ಆಟಗಾರ್ತಿಗೆ ನೋವಾಗುತ್ತದೆ; ಆ ನೋವು ಹುಟ್ಟಿದ ಜಾಗದಿಂದಲೇ ಅವರ ಸಂಬಂಧ ನಿಜವೆನಿಸತೊಡಗುತ್ತದೆ.

ಇತ್ತೀಚಿನ ಗೇಮ್‌ಗಳಲ್ಲಿ ನಾನು ಮತ್ತೆ ಮತ್ತೆ ಪಾಠಕ್ಕೆ ಎತ್ತಿಕೊಳ್ಳುವ ದೃಶ್ಯ 2023ರ ‘ಬಾಲ್ಡರ್ಸ್ ಗೇಟ್ 3’ರದ್ದು. ಆಸ್ಟೇರಿಯನ್ ಎಂಬ ಸಂಗಾತಿ ರಕ್ತಪಿಪಾಸು. ಇನ್ನೂರು ವರ್ಷ ಒಬ್ಬ ಒಡೆಯನ ಗುಲಾಮನಾಗಿದ್ದು, ತನ್ನ ರೂಪವನ್ನು ಬಲೆಯಾಗಿ ಬೀಸಿ ಅವನಿಗೆ ಬೇಟೆ ಒದಗಿಸಿದವನು. ಕಥೆಯ ಎರಡನೆಯ ಅಂಕದಲ್ಲಿ ರಕ್ತದ ವ್ಯಾಪಾರ ಮಾಡುವ ಒಬ್ಬ ಹೆಂಗಸು, ಅವನು ತನ್ನನ್ನು ಕಚ್ಚಬೇಕೆಂದು ಬಯಸಿ, ಅದಕ್ಕೆ ಪ್ರತಿಯಾಗಿ ಕುಡಿದವರ ದೇಹಬಲವನ್ನು ಶಾಶ್ವತವಾಗಿ ಹೆಚ್ಚಿಸುವ ಮದ್ದನ್ನು ಕೊಡುತ್ತೇನೆನ್ನುತ್ತಾಳೆ. ಅವನಿಗೆ ಅದು ಬೇಡ. ಆದರೆ ಅಂಥ ಮದ್ದು ಗೇಮಿನಲ್ಲಿ ಬಹಳ ಅಪರೂಪ, ಆಟಗಾರನಿಗೆ ಅದು ಬೇಕೇ ಬೇಕು ಅನ್ನಿಸುತ್ತದೆ, ಮತ್ತು ಅವನನ್ನು ಒತ್ತಾಯಿಸುವ ಮಾತುಗಳೂ ಪರದೆಯ ಮೇಲೆ ಆಯ್ಕೆಯಾಗಿ ಕಾಣಿಸುತ್ತವೆ. ಒತ್ತಾಯಿಸಿದರೆ ಅವನು ಕಚ್ಚುತ್ತಾನೆ, ಮದ್ದು ಸಿಗುತ್ತದೆ, ಅವನ ಮನಸ್ಸು ಮುರಿಯುತ್ತದೆ. ಅವನ ಮಾತಿಗೆ ಬೆಲೆ ಕೊಟ್ಟು ಮದ್ದನ್ನು ಬಿಟ್ಟುಬಂದರೆ, ಆಮೇಲೆ ಅವನೇ ಬಾಯಿಬಿಡುತ್ತಾನೆ: ಮೊದಲು ಹತ್ತಿರವಾಗಿದ್ದು ಪ್ರೀತಿಯಿಂದಲ್ಲ, ತನ್ನ ರಕ್ಷಣೆಗೆ ಒಬ್ಬರು ಬೇಕಿತ್ತು ಎಂಬ ಲೆಕ್ಕಾಚಾರದಿಂದ.

ಈ ದೃಶ್ಯದ ಕಟ್ಟಡವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಆಟಗಾರ ತಾನು ಗೆದ್ದೆನೆಂದುಕೊಂಡಿದ್ದ ಮೊದಲ ಪ್ರಣಯ ಒಂದು ನಟನೆಯಾಗಿತ್ತೆಂದು ತಿಳಿಯುವುದು ಅದರ ಅರ್ಧಭಾಗ. ಇನ್ನರ್ಧವೆಂದರೆ, ಗೌರವ ತೋರಿದ್ದಕ್ಕೆ ಆಟಗಾರ ಒಂದು ಬೆಲೆ ತೆತ್ತಿದ್ದಾನೆ. ಆ ಮದ್ದು ಅವನ ಚೀಲದಲ್ಲಿಲ್ಲ, ಮುಂದಿನ ಪ್ರತಿ ಕಾಳಗದಲ್ಲೂ ಅದು ಇಲ್ಲದ್ದು ಗೊತ್ತಾಗುತ್ತದೆ. ಸವಿಮಾತಿನ ಆಯ್ಕೆಯನ್ನು ಒತ್ತುವುದಕ್ಕೆ ಆಟಗಾರನಿಗೆ ಯಾವ ಖರ್ಚೂ ಇಲ್ಲ. ಬಲ, ಹಣ, ಸಮಯ ಇವುಗಳಲ್ಲಿ ಒಂದನ್ನು ಸಂಗಾತಿಗಾಗಿ ಕೈಬಿಟ್ಟಾಗ ಮಾತ್ರ ಅವನ ಮನಸ್ಸು ಆಟದ ನಿಯಮಗಳ ಒಳಗೆ ಪ್ರಕಟವಾಗುತ್ತದೆ. 2006ರಿಂದ ಈಚೆಗಿನ ‘ಪರ್ಸೋನಾ’ ಗೇಮ್‌ಗಳು ಕ್ಯಾಲೆಂಡರ್ ಇಟ್ಟು ಸಾಧಿಸಿದ್ದೂ ಇದನ್ನೇ. ಒಂದು ಸಂಜೆಯನ್ನು ಒಬ್ಬರಿಗೆ ಕೊಟ್ಟರೆ ಅದು ಇನ್ನೊಬ್ಬರಿಗೆ ಸಿಗುವುದಿಲ್ಲ.

ಸಾಗರದ ಒಂದು ಚಿಕ್ಕ ತಂಡ ಶರಾವತಿ ಹಿನ್ನೀರಿನ ಹಿನ್ನೆಲೆಯಲ್ಲಿ ಗೇಮ್ ಬರೆಯುತ್ತಿದೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಿದ ಊರೊಂದರಿಂದ ಎದ್ದುಹೋದ ಮನೆತನದ ಮೊಮ್ಮಗ, ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ದೇವರಕಲ್ಲನ್ನು ಹುಡುಕಿಕೊಂಡು ಬರುತ್ತಾನೆ. ಅವನ ಸಂಗಾತಿ ಹಿನ್ನೀರಿನಲ್ಲಿ ದೋಣಿ ನಡೆಸುವ ಹೆಣ್ಣುಮಗಳು. ಮೊದಲ ಕರಡಿನಲ್ಲಿ ಅವಳಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಜಾಜಿಹೂವು, ಬಳೆ ಕೊಟ್ಟಂತೆಲ್ಲ ಅಂಕ ಏರಿ, ಒಂದು ಹಂತ ದಾಟಿದ ಕೂಡಲೇ ಅವಳು ಒಪ್ಪಿಬಿಡುತ್ತಿದ್ದಳು. ಕಥೆಯಲ್ಲಿ ಅವಳಿಗೆ ಬೇಕಾದದ್ದು ಏನು ಎಂದು ನಾನು ಕೇಳಿದಾಗ ತಂಡದವರು ಮುಖ ಮುಖ ನೋಡಿಕೊಂಡರು. ಆಮೇಲೆ ಅವರೇ ಕೂತು ಬಹಳ ಒಳ್ಳೆಯ ಉತ್ತರ ಕಂಡುಕೊಂಡರು. ಪ್ರತಿ ಬೇಸಿಗೆಯಲ್ಲೂ ನೀರು ಇಳಿದ ಮೇಲೆ ಅವಳ ತಾಯಿ ಅದೇ ಕಲ್ಲಿಗೆ ದೀಪ ಹಚ್ಚಿ ಬರುತ್ತಾಳೆ. ಮನೆ, ಗದ್ದೆ, ಅಡಿಕೆ ತೋಟ ಎಲ್ಲ ನೀರಿನಡಿ ಹೋದ ಮೇಲೆ ಆ ತಾಯಿಗೆ ಊರೆಂದು ಉಳಿದಿರುವುದು ಅದೊಂದೇ. ನಾಯಕನಿಗೆ ಕಲ್ಲನ್ನು ಕೊಂಡೊಯ್ದು ಬೆಂಗಳೂರಿನ ಮನೆಯಲ್ಲಿ ಪ್ರತಿಷ್ಠೆ ಮಾಡಬೇಕು, ಅವಳಿಗೆ ಅದು ಇದ್ದಲ್ಲೇ ಇರಬೇಕು. ಇಬ್ಬರದೂ ನ್ಯಾಯವಾದ ಆಸೆ.

ನಾಯಕ ಕಲ್ಲನ್ನು ಎತ್ತಿದರೆ ಅವಳು ಕೂಗಾಡುವುದಿಲ್ಲ, ಕಥೆ ಬಿಟ್ಟು ಹೋಗುವುದೂ ಇಲ್ಲ. ದೋಣಿ ಅವಳ ಹೊಟ್ಟೆಪಾಡು, ಬಾಡಿಗೆ ಕೊಟ್ಟವರನ್ನು ದಡ ಮುಟ್ಟಿಸುತ್ತಾಳೆ. ಆದರೆ ಅಲ್ಲಿಯವರೆಗೆ ‘ಹುಷಾರಾಗಿ ಕೂತ್ಕೋ ಮಾರಾಯ’ ಎನ್ನುತ್ತಿದ್ದವಳು ‘ಕೂತ್ಕಳಿ’ ಎನ್ನತೊಡಗುತ್ತಾಳೆ. ಪರದೆಯ ಮೇಲೆ ಯಾವ ಅಂಕವೂ ಇಳಿಯುವುದಿಲ್ಲ, ಕೆಂಪು ಬಾಣದ ಗುರುತೂ ಮೂಡುವುದಿಲ್ಲ. ಆಡಿ ನೋಡಿದ ಸ್ನೇಹಿತರಲ್ಲಿ ಹಲವರು ಆ ಮಾತು ಕೇಳಿದ್ದೇ ಆಟವನ್ನು ಹಿಂದೆ ಉಳಿಸಿಟ್ಟಿದ್ದ ಹಂತಕ್ಕೆ, ಅಂದರೆ ಹಿಂದಿನ ಸೇವ್ ಫೈಲ್‌ಗೆ, ಮರಳಿದರಂತೆ.

ತಾಂತ್ರಿಕವಾಗಿ ಇದನ್ನು ಮಾಡುವುದು ಕಷ್ಟವಿಲ್ಲ. ಒಂದೇ ಮೊತ್ತವನ್ನು ಕಾಯ್ದಿಡುವ ಬದಲು ನಡೆದ ಸಂಗತಿಗಳನ್ನು ಒಂದೊಂದಾಗಿ ಹೆಸರಿಟ್ಟು ಕಾಯ್ದಿಡಬೇಕು: ಕಲ್ಲು ಎತ್ತಿದನೇ, ತಾಯಿಯನ್ನು ಮಾತನಾಡಿಸಿದನೇ, ಮಳೆ ಬಂದಾಗ ದೋಣಿ ಕಟ್ಟಲು ಕೈಜೋಡಿಸಿದನೇ. ಕವಲೊಡೆಯುವ ಕಥೆ ಬರೆಯಲು ಬಳಸುವ ಟ್ವೈನ್, ಇಂಕ್‌ನಂಥ ಉಚಿತ ಸಾಧನಗಳಲ್ಲಿ ಇವು ಹೌದು-ಅಲ್ಲ ಎಂಬ ಸಣ್ಣ ವೇರಿಯೇಬಲ್‌ಗಳಷ್ಟೇ. ಪ್ರತಿ ಸಂಗತಿಯನ್ನೂ ಸಂಗಾತಿ ಕನಿಷ್ಠ ಎರಡು ಸಲ ನೆನೆಯಲಿ ಎಂದು ನಾನು ಹೇಳುತ್ತೇನೆ. ಒಮ್ಮೆ ದಾರಿಯ ಹರಟೆಯಲ್ಲಿ, ಇನ್ನೊಮ್ಮೆ ಕಷ್ಟದ ಗಳಿಗೆಯಲ್ಲಿ. ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಎದುರಿನವರು ಪ್ರಸಂಗದ ಆರಂಭದಲ್ಲಿ ಆಡಿದ ಮಾತನ್ನು ಹಿಡಿದಿಟ್ಟುಕೊಂಡು, ಸಮಯ ನೋಡಿ ಅದಕ್ಕೇ ಉತ್ತರ ಕೊಡುತ್ತಾನೆ. ಸಂಗಾತಿ ಪಾತ್ರಕ್ಕೂ ಅಂಥ ಕಿವಿ ಬೇಕು.

ಬಹುಪಾಲು ಗೇಮ್‌ಗಳು ಎಡವುವುದು ಒಪ್ಪಿಗೆ ಸಿಕ್ಕ ಮೇಲೆ. ಹತ್ತಾರು ಗಂಟೆ ಬೆಳೆಸಿದ ಸಂಬಂಧ ಒಂದು ಮುತ್ತಿನ ದೃಶ್ಯದಲ್ಲಿ ಮುಗಿದು, ಮರುದಿನದಿಂದ ಸಂಗಾತಿ ಹಳೆಯ ನಾಲ್ಕು ಮಾತುಗಳನ್ನೇ ಒಪ್ಪಿಸತೊಡಗುತ್ತಾಳೆ. ಈ ಕೊರತೆಯನ್ನು ದೊಡ್ಡ ಸ್ಟುಡಿಯೋಗಳು ಈಗೀಗ ತುಂಬುತ್ತಿವೆ. 2020ರ ಡಿಸೆಂಬರಿನಲ್ಲಿ ಬಂದ ‘ಸೈಬರ್‌ಪಂಕ್ 2077’ ಗೇಮಿನಲ್ಲಿ ಪ್ರೇಮಿಯನ್ನು ಮನೆಗೆ ಕರೆದು ಸುಮ್ಮನೆ ಜೊತೆಗಿರುವ ಅವಕಾಶ ಸೇರಿದ್ದು ಮೂರು ವರ್ಷದ ನಂತರದ ಅಪ್‌ಡೇಟಿನಲ್ಲಿ. ‘ಬಾಲ್ಡರ್ಸ್ ಗೇಟ್ 3’ಕ್ಕೂ, ಕಥೆ ಮುಗಿದು ಆರು ತಿಂಗಳಾದ ಮೇಲೆ ಎಲ್ಲರೂ ಮತ್ತೆ ಸೇರುವ ಉಪಸಂಹಾರ ಬಿಡುಗಡೆಯ ನಂತರ ಬಂತು. ಆದರೆ ಒಪ್ಪಿಗೆಯ ನಂತರದ ಬದುಕನ್ನು ಗಟ್ಟಿಯಾಗಿ ಪರೀಕ್ಷಿಸಿದ್ದು, ನನ್ನ ಅಭಿಪ್ರಾಯದಲ್ಲಿ, 2015ರ ‘ದಿ ವಿಚರ್ 3’. ಆಟಗಾರ ನಡೆಸುವ ನಾಯಕ ಗೆರಾಲ್ಟ್ ಮತ್ತು ಯೆನ್ನೆಫರ್ ಹಳೆಯ ಪ್ರೇಮಿಗಳು. ಹಿಂದೊಮ್ಮೆ ಅವನು ವರ ಕೊಡುವ ಮಾಯಾಶಕ್ತಿಯಾದ ಒಂದು ಜಿನ್ ಬಳಿ ಕೇಳಿದ ವರದಿಂದ ಇಬ್ಬರ ಹಣೆಬರಹವೂ ಬೆಸೆದುಕೊಂಡಿದೆ. ತಮ್ಮ ಪ್ರೀತಿ ತಮ್ಮದೋ ಆ ವರದ್ದೋ ಎಂಬ ಅನುಮಾನ ಅವಳನ್ನು ಕೊರೆಯುತ್ತದೆ. ಅದಕ್ಕಾಗಿಯೇ ಇನ್ನೊಂದು ಜಿನ್ ಹಿಡಿದು ಆ ಕಟ್ಟನ್ನು ಬಿಚ್ಚಿಸುತ್ತಾಳೆ. ಬಿಚ್ಚಿದ ಮೇಲೆ ಈಗ ಏನನ್ನಿಸುತ್ತಿದೆ ಎಂಬ ಪ್ರಶ್ನೆ ಎದುರಾಗುತ್ತದೆ, ಉತ್ತರವನ್ನು ಆಟಗಾರ ಕೊಡಬೇಕು. ಅದೇ ಗೇಮಿನಲ್ಲಿ ಯೆನ್ನೆಫರ್‌ಗೂ ಟ್ರಿಸ್ ಎಂಬ ಇನ್ನೊಬ್ಬಳಿಗೂ ಪ್ರೀತಿಯ ಮಾತು ಕೊಟ್ಟ ಗೆರಾಲ್ಟನನ್ನು ಅವರಿಬ್ಬರೂ ಸೇರಿ ಕೈಬಿಡುತ್ತಾರೆ. ಅಲ್ಲಿ ಹೆಂಗಸರಿಬ್ಬರಿಗೂ ಪರಸ್ಪರ ಮಾತನಾಡಿಕೊಳ್ಳಲು ಬಾಯಿದೆ ಎಂಬುದೇ ದೊಡ್ಡ ಸಂಗತಿ.

ಪ್ರೇಮ ಬೇಡವೆನ್ನುವ ಆಟಗಾರನ ಬಗ್ಗೆಯೂ ಒಂದು ಮಾತು ಹೇಳಬೇಕು. ಸಂಗಾತಿಯ ಅತ್ಯಂತ ಆಳವಾದ ಕಥೆಯನ್ನು ಪ್ರೇಮದ ದಾರಿಯಲ್ಲಿ ಮಾತ್ರ ಇಟ್ಟು, ಸ್ನೇಹ ಬಯಸಿದವರಿಗೆ ಅರ್ಧವನ್ನಷ್ಟೇ ತೋರಿಸುವುದು ಅನ್ಯಾಯ. ‘ಸೈಬರ್‌ಪಂಕ್’ನ ಜೂಡಿ ಹೆಣ್ಣನ್ನು ಪ್ರೀತಿಸುವವಳು. ನಾಯಕ ಗಂಡಾದರೆ ಅವನು ಎಷ್ಟು ಒಳ್ಳೆಯವನಾದರೂ ಅವಳು ಪ್ರೇಮಿಯಾಗುವುದಿಲ್ಲ, ಆದರೆ ಅವಳ ಸ್ನೇಹ ಸಿಗುತ್ತದೆ. ಅವಳು ಬೆಳೆದ, ಈಗ ನೀರಿನಡಿ ಇರುವ ಊರಿಗೆ ಅವನನ್ನೂ ಮುಳುಗು ಹಾಕಲು ಕರೆದೊಯ್ಯುತ್ತಾಳೆ. ಎಲ್ಲ ಸಂಗಾತಿಗಳೂ ಎಲ್ಲರಿಗೂ ಒಲಿಯುವಂತೆ ಬರೆಯುವುದರಲ್ಲಿ ಒಂದು ಉದಾರತೆಯಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಬರೆಯಲು ಕೂತಾಗ ನನ್ನ ಒಲವು ಜೂಡಿಯ ರೀತಿಯ ಪಾತ್ರದ ಕಡೆಗೇ.

ಚಿಕ್ಕ ತಂಡಗಳು ಖರ್ಚಿನ ಬಗ್ಗೆ ಚಿಂತಿಸುವುದು ಸಹಜ. ಆರು ಪ್ರೇಮಕಥೆಗಳನ್ನು ತೆಳುವಾಗಿ ಬರೆಯುವ ಬದಲು ಒಂದನ್ನೇ ಬರೆಯಿರಿ. ಬರೆದ ಮೇಲೆ ಪ್ರೇಮಕ್ಕೆ ಸಂಬಂಧಿಸಿದ ಎಲ್ಲ ಸಾಲುಗಳನ್ನೂ ಮುಚ್ಚಿಟ್ಟು ಆ ಪಾತ್ರದ ಉಳಿದ ಮಾತುಗಳನ್ನು ಮಾತ್ರ ಓದಿ, ಅವಳಿಗೆ ಅವಳದೇ ಒಂದು ಕಥೆ ಉಳಿದಿದೆಯೇ ಎಂದು ನೋಡಿ. ಸಾಗರದ ತಂಡ ಹೀಗೆ ಓದಿದಾಗ ದೋಣಿಯವಳ ಮೊದಲ ಕರಡಿನಲ್ಲಿ ಉಳಿದದ್ದು ಬಾಡಿಗೆಯ ಮಾತು, ಹವಾಮಾನದ ಮಾತು ಅಷ್ಟೇ. ಈಗಿನ ಕರಡಿನಲ್ಲಿ ತಾಯಿಯ ಮಂಡಿನೋವು, ತಮ್ಮನ ಓದು, ಸೇತುವೆಯಾದರೆ ದೋಣಿಗೆ ಗಿರಾಕಿ ಬರುವುದೇ ಎಂಬ ಆತಂಕ ಎಲ್ಲ ಇವೆ. ಆ ಸೇತುವೆಯ ಆತಂಕದ ಬಗ್ಗೆ ಅವಳು ನಾಯಕನೊಡನೆ ಯಾವಾಗ ಬಾಯಿಬಿಡಬೇಕು, ಕಲ್ಲಿನ ವಿಷಯ ಇತ್ಯರ್ಥವಾಗುವ ಮೊದಲೋ ಆಮೇಲೋ ಎಂಬ ಚರ್ಚೆ ತಂಡದಲ್ಲಿ ಇನ್ನೂ ನಡೆದಿದೆ. ಮೊದಲೇ ಹೇಳಲಿ ಎಂಬುದು ನನ್ನ ಸಲಹೆ. ಅವಳ ಬದುಕಿನ ಭಾರ ಗೊತ್ತಿದ್ದೂ ಕಲ್ಲನ್ನು ಎತ್ತುವವನಿಗೂ, ಗೊತ್ತಿಲ್ಲದೆ ಎತ್ತುವವನಿಗೂ ಅವಳು ಕೊಡುವ ಉತ್ತರ ಬೇರೆ ಬೇರೆಯಾಗಬೇಕು, ಎರಡನ್ನೂ ಬರೆಯುವಷ್ಟು ಸಮಯ ತಂಡಕ್ಕಿದೆ.