ದುಬೈ ಮರಳಲ್ಲಿ ಕರಿಬೇವು ನಿಲ್ಲಬೇಕಾದರೆ

"ದಿನಾ ಎರಡು ಸಲ ನೀರು ಬಿಡ್ತೇನೆ ಮಾರಾಯ್ರೆ, ಆದ್ರೂ ಒಣಗ್ತದೆ." ಮಿರ್ದಿಫ್‌ನ ಒಂದು ವಿಲ್ಲಾದ ಹಿತ್ತಲಲ್ಲಿ ಮಂಗಳೂರು ಕಡೆಯ ಅಕ್ಕ ಹೀಗಂದರು. ಗಿಡ ಕರಿಬೇವು. ನಾನು ಹನಿ ಹನಿಯಾಗಿ ನೀರು ಬಿಡುವ ಡ್ರಿಪ್ಪರ್ ಪಕ್ಕ ಸಲಿಕೆ ಹಾಕಿ ಅಗೆದು ತೋರಿಸಿದೆ. ಒದ್ದೆಯಾದ ಜಾಗ ಮೂಲಂಗಿಯ ಹಾಗೆ ಸಪೂರ, ನೇರ ಕೆಳಕ್ಕೆ ಇಳಿದಿತ್ತು. ಒಂದು ಗೇಣು ಆಚೆ ಬೇರುಗಳಿದ್ದವು, ಅಲ್ಲಿ ಬರೀ ಒಣ ಮರಳು.

ಇಲ್ಲಿ ವರ್ಷದ ಮಳೆ ಸಾಧಾರಣವಾಗಿ 100 ಮಿ.ಮೀ. ಆಸುಪಾಸು. ನಲ್ಲಿಯಲ್ಲಿ ಬರುವುದು ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ್ದು. ಅದನ್ನು ಪಾತಾಳಕ್ಕೆ ಕುಡಿಸುವುದು ದುಬಾರಿ ಹವ್ಯಾಸ, ಅಲ್ವಾ?

ನರ್ಸರಿಯವರು 'ಸ್ವೀಟ್ ಸಾಯಿಲ್' ಅಂತ ಮಾರುವ ಕೆಂಪು ಮಣ್ಣಿನ ಹೆಸರು ಕೇಳಿ ಮೋಸ ಹೋಗಬೇಡಿ. ಹೆಚ್ಚಾಗಿ ಅದು ಜರಡಿ ಹಿಡಿದ ಮರಳೇ. ಉಪ್ಪು ಕಡಿಮೆ, ಅಷ್ಟೇ. ನೀರು ಹಿಡಿಯುವ ಜೇಡಿ ಅದರಲ್ಲಿ ಇರುವುದಿಲ್ಲ.

ಇಡೀ ಹಿತ್ತಲು ಅಗೆಯುವುದು ಬೇಡ. ಗಿಡದ ಜಾಗದಲ್ಲಿ 60 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ಗುಂಡಿ ಸಾಕು. ತೆಗೆದ ಮರಳು ಮೂರು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದು ಪಾಲು, ಜೊತೆಗೆ 4-5 ಕೆ.ಜಿ. ಬೆಂಟೊನೈಟ್ ಪುಡಿ. ಇದು ಜೇಡಿಯೇ, ನೀರು ತಾಗಿದರೆ ಉಬ್ಬುತ್ತದೆ. ಹಾಗಾಗಿ ಎಲ್ಲವನ್ನೂ ಒಣಗಿರುವಾಗಲೇ ಕಲಸಿ. ಒದ್ದೆ ಮರಳಿಗೆ ಹಾಕಿದರೆ ದೋಸೆ ಹಿಟ್ಟಿನ ಗಂಟಿನಂತೆ ಕೂರುತ್ತದೆ, ಆಮೇಲೆ ಒಡೆಯುವುದು ಕಷ್ಟ. ಪದರ ಪದರವಾಗಿಯೂ ಹಾಕಬೇಡಿ. ಪದರ ಬದಲಾಗುವಲ್ಲಿ ನೀರು ತಡೆದು ನಿಂತು ಬೇರು ಕೊಳೆಯುತ್ತದೆ.

ಶುರುವಿನಲ್ಲಿ ನಾನೇ ಎಡವಿದ್ದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಗಳನ್ನು ನೆನೆಸಿ, ತೊಳೆಯದೆ, ಸುಮ್ನೆ ಗುಂಡಿಗೆ ಸುರಿದೆ. ಅದರಲ್ಲಿದ್ದ ಉಪ್ಪಿಗೆ ಎಲೆಯ ಅಂಚೆಲ್ಲ ಸುಟ್ಟುಹೋಯಿತು. ಈಗ ಎರಡು ಮೂರು ಸಲ ತೊಳೆದ ಮೇಲೆಯೇ ಬಳಸುತ್ತೇನೆ. ನೀರು ಹೀರುವ ಜೆಲ್ ಹರಳುಗಳನ್ನೂ ಅಂಗಡಿಯವರು ಹೊಗಳುತ್ತಾರೆ. ಉಪ್ಪುನೀರಲ್ಲಿ ಅವು ಅರ್ಧಕ್ಕರ್ಧ ಕೂಡ ಉಬ್ಬದೆ ಹೋಗಬಹುದು. ಜೇಡಿಯನ್ನು ನೀರಿನಲ್ಲಿ ಹಾಲಿನಂತೆ ಕರಗಿಸಿ ಮರಳಿಗೆ ಉಣಿಸುವ ವಿಧಾನವನ್ನು ನಾರ್ವೆಯ ಕಂಪನಿಯೊಂದು ಇಲ್ಲಿ ಪ್ರಯೋಗ ಮಾಡಿದೆ. ತೋಟಕ್ಕೆ ಸರಿ, ನಾಲ್ಕು ಗಿಡಕ್ಕೆ ಅಷ್ಟೆಲ್ಲ ಯಾಕೆ?

ಅಕ್ಕನ ಗಿಡಕ್ಕೆ ಇನ್ನೊಂದು ತೊಂದರೆಯೂ ಇತ್ತು. ಚಿಗುರು ಹಳದಿ, ನರ ಮಾತ್ರ ಹಸಿರು. ಇದು ಕಬ್ಬಿಣದ ಕೊರತೆ. ಇಲ್ಲಿನ ಮರಳಲ್ಲಿ ಸುಣ್ಣ ಜಾಸ್ತಿ, ಪಿಎಚ್ 8ರ ಆಸುಪಾಸು, ಅಂದರೆ ಮಣ್ಣು ಕ್ಷಾರದ್ದು. ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕಬ್ಬಿಣದ ಗೊಬ್ಬರ ಕೊಳ್ಳುವಾಗ ಪೊಟ್ಟಣದ ಮೇಲೆ 'ಇಡಿಡಿಎಚ್‌ಎ' (EDDHA) ಅಂತ ಇದೆಯಾ ನೋಡಿ, ಕಬ್ಬಿಣವನ್ನು ಬೇರಿಗೆ ಸಿಗುವ ಹಾಗೆ ಹಿಡಿದಿಡುವ ವಸ್ತು ಅದು. ಅದೇ ಕೆಲಸದ 'ಇಡಿಟಿಎ' (EDTA) ಈ ಮಣ್ಣಲ್ಲಿ ತಾಳುವುದಿಲ್ಲ.

ಅಕ್ಟೋಬರ್‌ನಲ್ಲಿ ಗುಂಡಿ ಮಾಡಿ ಗಿಡ ಮತ್ತೆ ನೆಟ್ಟೆವು. ಒಂದರ ಬದಲು ಮೂರು ಡ್ರಿಪ್ಪರ್ ಇಟ್ಟು, ಮೇಲೆ ನಾಲ್ಕು ಬೆರಳು ದಪ್ಪ ಮರದ ಚಕ್ಕೆ ಹಾಸಿದೆವು. ಫೆಬ್ರವರಿಯಲ್ಲಿ ಮತ್ತೆ ಅಗೆದಾಗ ಒದ್ದೆ ಜಾಗ ದಪ್ಪ ಈರುಳ್ಳಿಯಂತೆ ಅಗಲವಾಗಿತ್ತು. ನೀರು ಎರಡು ದಿನಕ್ಕೊಮ್ಮೆ ಮಾಡಿದೆವು. ಬೇಸಿಗೆಗೆ ಈ ಲೆಕ್ಕ ನಡೆಯುವುದಿಲ್ಲ, ಬೆರಳಿಟ್ಟು ನೋಡಿಯೇ ಬಿಡಬೇಕು. ಕಾಂಪೋಸ್ಟ್ ಕೂಡ ಈ ಬಿಸಿಲಿಗೆ ಬೇಗ ಕರಗಿಹೋಗುತ್ತದೆ. ಪ್ರತಿ ಅಕ್ಟೋಬರ್‌ಗೆ ಒಂದು ಬುಟ್ಟಿ ಹಾಕುತ್ತಿರಿ.